ಐರಿನ್ ಸಿಸ್ಟರ್ ಮೂಸಿ ನೋಡಿದ ಸೀರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹಂಪನಕಟ್ಟೆಯ ಸೀರೆ ಅಂಗಡಿಯೊಂದರ ರೇಷ್ಮೆ ಕೌಂಟರಿನಲ್ಲಿ ಮೂವತ್ತೊಂದು ವರ್ಷ ನಿಂತ ಕಾಲು ಇದು. ನಲವತ್ತು ಸೀರೆ ಬಿಚ್ಚಿಸಿ ‘ನಾಳೆ ಬರ್ತೇವೆ’ ಎಂದು ಎದ್ದು ಹೋಗುವವರಿಗೆ ನಗುನಗುತ್ತಾ ಕೈಮುಗಿದು, ಆ ಸಿಟ್ಟನ್ನೆಲ್ಲ ಗಂಟು ಕಟ್ಟಿಕೊಂಡು ಕಾವೂರಿನ ಬಸ್ಸು ಹತ್ತುತ್ತಿದ್ದೆ. ಅದನ್ನು ಉಂಡವರು ಮನೆಯವರು, ಪಾಪ. ಗಿರಾಕಿಗಳನ್ನು ಬಿಟ್ಟರೆ ಯಾರ ಮುಂದೆಯೂ ಬಾಯಿ ಮುಚ್ಚಿದವಳಲ್ಲ ಎಂಬ ನನ್ನ ಹೆಮ್ಮೆ ಹೋದ ವರ್ಷದ ಜಡಿಮಳೆಯ ಆಟಿ ತಿಂಗಳವರೆಗೆ ನಡೆಯಿತು. ಆಮೇಲೆ ಐರಿನ್ ಸಿಸ್ಟರ್ ಸಿಕ್ಕಿದರು.

ಆಗ ಮನೆಯಲ್ಲಿ ನಾವು ಮೂರು ಹೆಂಗಸರು. ಎಂಬತ್ತನಾಲ್ಕರ ನನ್ನ ತಾಯಿ ಬಾಗಿ, ಅರವತ್ತೆರಡರ ನಾನು ವಾರಿಜ, ಹೆರಿಗೆಗೆಂದು ಬಂದ ನನ್ನ ಒಬ್ಬಳೇ ಮಗಳು ತೃಪ್ತಿ. ಅಳಿಯ ಯೋಗೀಶ್ ಮಸ್ಕತ್ತಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಾನೆ. ದಿನಕ್ಕೆ ನಾಲ್ಕು ಸಲ ವಿಡಿಯೊ ಕಾಲ್ ಮಾಡಿ, ಮಗುವಿನ ಕಿವಿ ಯಾರ ಹಾಗೆ, ಗಲ್ಲ ಯಾರ ಹಾಗೆ ಎಂದು ಕೇಳಿ ತಲೆ ತಿನ್ನುತ್ತಿದ್ದ. ಮಗು ಗಂಡು. ಮೂರು ಕೆಜಿ ನೂರು ಗ್ರಾಂ, ಗಟ್ಟಿ ಗಂಟಲು. ಹದಿನಾರನೆಯ ದಿನ ತೊಟ್ಟಿಲಿಗೆ ಹಾಕಿ ರಿತೇಶ್ ಎಂದು ಕಿವಿಯಲ್ಲಿ ಹೆಸರು ಹೇಳಿದೆವು. ಆದರೂ ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ‘ಬಾಲೆ’ ಎಂದೇ, ತುಳುವಿನಲ್ಲಿ ಕೂಸಿಗೆ ಹೇಳುವ ಹಾಗೆ.

ನಮ್ಮ ಮನೆಯಲ್ಲೊಂದು ಕ್ರಮವಿದೆ. ಬೇರೆಯವರಲ್ಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ತೊಟ್ಟಿಲಿನ ದಿನದಿಂದ ನಲವತ್ತು ದಿನ ತುಂಬುವವರೆಗೆ ಮಗುವನ್ನು ಸುತ್ತುವುದು ತಾಯಿಯ ತವರಿನ ರೇಷ್ಮೆ ಸೀರೆಯಲ್ಲಿ. ನನ್ನ ತಾಯಿಯ ಸೋದರಮಾವ ಬೊಂಬಾಯಿಯ ಹೋಟೆಲಿನಲ್ಲಿ ದುಡಿದು ತಂದ ಕುಂಕುಮ ಬಣ್ಣದ ಸೀರೆ ಅದು. ನನ್ನನ್ನು ಅದರಲ್ಲೇ ಸುತ್ತಿದ್ದರಂತೆ. ತೃಪ್ತಿಯನ್ನು ನಾನೇ ಸುತ್ತಿದ್ದೆ. ಕರಾವಳಿಯ ಮಳೆಗಾಲದಲ್ಲಿ ರೇಷ್ಮೆಗೆ ಬೂಷ್ಟು ಹಿಡಿಯದ ಹಾಗೆ ಕಾಯುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಬೇಕು. ಅದಕ್ಕೇ ಪೆಟ್ಟಿಗೆಯಲ್ಲಿ ಆ ಸೀರೆಯ ಮಡಿಕೆ ಮಡಿಕೆಗೆ ನುಸಿಗುಳಿಗೆ ಹಾಕಿಟ್ಟಿದ್ದೆ. ನುಸಿ, ಜಿರಲೆ ಹತ್ತಿರ ಬಾರದಂತೆ ಬಟ್ಟೆಯ ನಡುವೆ ಇಡುವ ಆ ಬಿಳಿ ಉಂಡೆಗಳು ನಮ್ಮ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಇರುತ್ತಿದ್ದವು. ಬಿಸಿಲಿಗೆ ಹಾಕಿ ಆರಿಸೋಣವೆಂದರೆ ಆಟಿಯಲ್ಲಿ ಬಿಸಿಲೆಲ್ಲಿ? ಗುಳಿಗೆ ಕೊಡವಿ, ಹಾಗೆಯೇ ಸುತ್ತಿದೆ.

ಮೂರೇ ದಿನ. ಹತ್ತೊಂಬತ್ತನೆಯ ಬೆಳಿಗ್ಗೆ ಎಣ್ಣೆ ಹಚ್ಚಿ ಮೀಯಿಸುವಾಗ ಮಗುವಿನ ಕಣ್ಣು ಅರಸಿನ ಬಣ್ಣಕ್ಕೆ ತಿರುಗಿತ್ತು. ಮೊಲೆಗೆ ಬಾಯಿ ಹಚ್ಚಿದರೆ ಎರಡು ಸಲ ಚೀಪಿ ನಿದ್ದೆ. ಪಾದಕ್ಕೆ ಚಿವುಟಿದರೂ ಮುಖ ಸೊಟ್ಟ ಮಾಡಿ ಮತ್ತೆ ನಿದ್ದೆ. ತೃಪ್ತಿ ಹೆದರಿ ಅಳತೊಡಗಿದಳು. ರಿಕ್ಷಾ ಹಿಡಿದು ನಗರದ ಒಂದು ಮಕ್ಕಳ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರ್ ತುಷಾರ್ ಚಿಕ್ಕ ಪ್ರಾಯದವರು, ಒಳ್ಳೆಯವರು, ಆದರೆ ಮಾತಾಡುವಾಗ ಒಂದು ಕಾಲು ಬಾಗಿಲ ಹೊರಗೇ. ರಕ್ತದಲ್ಲಿ ಕಾಮಾಲೆಯ ಅಂಶ ಹದಿನೆಂಟು ಇದೆ, ಇಪ್ಪತ್ತೆರಡು ದಾಟಿದರೆ ಮಗುವಿನ ರಕ್ತವನ್ನೇ ಬದಲಿಸಬೇಕಾಗುತ್ತದೆ, ಅದಕ್ಕೂ ಮೇಲೆ ಹೋದರೆ ಮೆದುಳಿಗೆ ಇಳಿಯುತ್ತದೆ, ಮೆದುಳಿಗೆ ಇಳಿದದ್ದು ಮತ್ತೆ ಸರಿಯಾಗುವುದಿಲ್ಲ ಎಂದರು. ಕಿವಿ ಕೇಳದೆ ಹೋಗಬಹುದು, ಕೈಕಾಲು ಸೆಟೆಯಬಹುದು, ಜೀವವೂ ಹೋಗಬಹುದು. ಅಷ್ಟು ಹೇಳಿ ನಡೆದರು.

ಮಗುವನ್ನು ನೀಲಿ ದೀಪದ ಕೆಳಗೆ ಬರಿಮೈಯಲ್ಲಿ ಮಲಗಿಸಿ ಕಣ್ಣಿಗೆ ಪಟ್ಟಿ ಕಟ್ಟಿದರು. ಎರಡೆರಡು ಗಂಟೆಗೊಮ್ಮೆ ಪಕ್ಕದ ತಾಯಂದಿರ ಕೋಣೆಗೆ ತಂದು ಹಾಲಿಗೆ ಕೊಡುವರು. ಆಸ್ಪತ್ರೆಯ ಬಟ್ಟೆ ಬಿಟ್ಟು ಬೇರೆ ತಾಗಿಸಬಾರದು ಎಂದು ಬೋರ್ಡೇ ಹಾಕಿದ್ದರು. ಬೋರ್ಡು ಬೋರ್ಡಿನಷ್ಟಕ್ಕೆ ಇರಲಿ, ಕ್ರಮ ತಪ್ಪಿಸಿದರೆ ಹೇಗೆ ಎಂದು ನಾನು ನನ್ನ ಚೀಲದಿಂದ ಆ ಸೀರೆ ತೆಗೆದು, ಹಾಲು ಕುಡಿಯುವಷ್ಟು ಹೊತ್ತೂ ಮಗುವನ್ನು ಬೆಚ್ಚಗೆ ಸುತ್ತಿ ಹಿಡಿಯುತ್ತಿದ್ದೆ. ತಿರುಗಿ ಕೊಡುವಾಗ ಬಿಚ್ಚಿ ಚೀಲಕ್ಕೆ ಹಾಕುವುದು. ಯಾರಿಗೂ ಗೊತ್ತಾಗಲಿಲ್ಲ. ಮಗುವಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು, ದೇವರಾಣೆ.

ಮರುದಿನ ಬೆಳಿಗ್ಗೆ ಹದಿನೇಳಕ್ಕೆ ಇಳಿಯಿತು. ಸಂಜೆಗೆ ಹತ್ತೊಂಬತ್ತೂವರೆ. ಮೂರನೆಯ ಬೆಳಿಗ್ಗೆ ಇಪ್ಪತ್ತೂವರೆ. ತಾಯಿಗೂ ಮಗುವಿಗೂ ರಕ್ತದ ಗುಂಪು ಒಂದೇ, ಸೋಂಕಿನ ಸುಳಿವೂ ಇಲ್ಲ. ಕೆಲವು ಮಕ್ಕಳಿಗೆ ತಾಯಿಯ ಹಾಲಿನಿಂದಲೇ ಹಳದಿ ಏರುವುದುಂಟು, ಒಂದು ದಿನ ಹಾಲು ನಿಲ್ಲಿಸಿ ನೋಡೋಣ, ಅಲ್ಲಿಯವರೆಗೆ ಪುಡಿಹಾಲು ಕೊಡಿ ಎಂದು ಡಾಕ್ಟರ್ ಹೇಳಿದರು. ಅವರು ಹೇಳಿದ್ದು ಇಷ್ಟೇ. ಅದು ಫೋನಿನಲ್ಲಿ ಯೋಗೀಶನ ತಾಯಿಗೆ ತಲುಪುವಾಗ ತೃಪ್ತಿಯ ಹಾಲೇ ಮಗುವಿಗೆ ವಿಷವಾಗಿದೆ ಎಂದಾಗಿತ್ತು. ತೃಪ್ತಿ ಎದೆಯ ಹಾಲನ್ನು ಸ್ಟೀಲಿನ ಲೋಟಕ್ಕೆ ಹಿಂಡಿ ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಪುಡಿಹಾಲು ಕುಡಿಸುವಾಗಲೂ ನಾನು ಸೀರೆ ಸುತ್ತುವುದನ್ನು ಬಿಡಲಿಲ್ಲ.

ಅದೇ ಬೆಳಿಗ್ಗೆ ರಜೆ ಮುಗಿಸಿ ಐರಿನ್ ಸಿಸ್ಟರ್ ಕೆಲಸಕ್ಕೆ ಬಂದರು. ಕುಳ್ಳಗೆ, ದಪ್ಪಗೆ, ಐವತ್ತರ ಹತ್ತಿರದ ಹೆಂಗಸು. ನಡಿಗೆ ನಿಧಾನ, ಮಾತು ಅದಕ್ಕಿಂತ ನಿಧಾನ. ಇಪ್ಪತ್ತೇಳು ವರ್ಷದಿಂದ ಮಕ್ಕಳ ವಾರ್ಡಿನಲ್ಲೇ ಇದ್ದಾರೆಂದು ಆಯಾ ಹೇಳಿದಳು. ಇಷ್ಟು ನಿಧಾನದವರು ಇಪ್ಪತ್ತೇಳು ವರ್ಷದಲ್ಲಿ ಎಷ್ಟು ಮಕ್ಕಳನ್ನು ನೋಡಿಯಾರು ಎಂದು ನಾನು ಮನಸ್ಸಿನಲ್ಲೇ ಗೊಣಗಿಕೊಂಡೆ.

ನಾನು ಗಾಜಿನ ಈಚೆಯಿಂದ ನೋಡುತ್ತಿದ್ದೆ. ಅವರು ಮಗುವಿನ ಪಕ್ಕ ನಿಂತು ಸುಮಾರು ಹೊತ್ತು ಕೈಯನ್ನೇ ಹಚ್ಚಲಿಲ್ಲ, ಬರೇ ನೋಡಿದರು. ಆಮೇಲೆ ನೀಲಿ ದೀಪ ಆರಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಬದುಕಿಸುವ ದೀಪವನ್ನೇ ಆರಿಸುವುದೆಂದರೇನು? ಅವರು ಮಗುವನ್ನು ಎತ್ತಿ ಕಿಟಕಿಯ ಬಳಿಗೆ ತಂದು ಹಗಲಿನ ಬೆಳಕಿನಲ್ಲಿ ಹಿಡಿದರು. ಅದನ್ನು ಕಂಡಾಗ ನನ್ನ ಬಾಯಿ ತಂತಾನೇ ಮುಚ್ಚಿತು. ಅಂಗಡಿಯ ದೀಪದಲ್ಲಿ ಸೀರೆಯ ನಿಜವಾದ ಬಣ್ಣ ತಿಳಿಯುವುದಿಲ್ಲ. ನಾನೂ ಮೂವತ್ತೊಂದು ವರ್ಷ ಗಿರಾಕಿಗಳನ್ನು ಬಾಗಿಲ ಬೆಳಕಿಗೆ ಕರೆತಂದೇ ಬಣ್ಣ ತೋರಿಸಿದವಳು. ಈ ಹೆಂಗಸಿಗೆ ಕೆಲಸ ಗೊತ್ತಿದೆ ಎಂದು ಮೊದಲ ಸಲ ಅನ್ನಿಸಿತು.

ಮೂಗಿನ ಮೇಲೆ ಬೆರಳೊತ್ತಿ ಬಿಟ್ಟರು, ಎದೆಯ ಮೇಲೆ ಒತ್ತಿದರು, ಪಾದದವರೆಗೂ ಹೋದರು. ತುಟಿ ಮಗುಚಿ ವಸಡು ನೋಡಿದರು. ಅಂಗೈ ಬಿಡಿಸಿ ತಮ್ಮ ಅಂಗೈಯ ಪಕ್ಕ ಇಟ್ಟು ನೋಡಿದರು. ಪಾದಕ್ಕೆ ತಟ್ಟಿ ಅಳಿಸಿ, ಆ ಅಳುವನ್ನು ತಲೆ ಬಗ್ಗಿಸಿ ಕೇಳಿದರು. ಮೆದುಳಿಗೆ ಇಳಿಯತೊಡಗಿದರೆ ಮಗುವಿನ ಅಳು ಕೀರಲಾಗುತ್ತದಂತೆ, ಅದು ಆಮೇಲೆ ನನಗೆ ಗೊತ್ತಾದದ್ದು. ಕೊನೆಗೆ ಡಯಾಪರ್ ಬಿಚ್ಚಿ ಬಿಸಾಡಿ, ಹಳೆಯ ಬಿಳಿ ಬಟ್ಟೆಯನ್ನು ಮಡಚಿ ಕಟ್ಟಿದರು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಡಯಾಪರ್‌ಗೂ ಗತಿಯಿಲ್ಲವೇ ಎಂದು ನಾನು ಒಳಗೆ ಹೋಗಿ ಕೇಳಿಯೇಬಿಟ್ಟೆ. ಡಯಾಪರ್ ಎಲ್ಲವನ್ನೂ ಹೀರಿ ಬಣ್ಣ ಅಡಗಿಸಿಬಿಡುತ್ತದೆ, ನನಗೆ ಬಣ್ಣ ಕಾಣಬೇಕು ಎಂದಷ್ಟೇ ಹೇಳಿದರು.

ಒಂದು ಗಂಟೆಯಲ್ಲಿ ಆ ಬಟ್ಟೆಯ ಮೇಲೆ ಕಣ್ಣಚಾಯದ ಬಣ್ಣದ ಕಲೆ ಬಿದ್ದಿತ್ತು, ಹಾಲಿಲ್ಲದ ಕಡು ಚಹಾದ ಬಣ್ಣ. ಅದನ್ನು ಹಿಡಿದುಕೊಂಡು ಐರಿನ್ ಸಿಸ್ಟರ್ ಡಾಕ್ಟರರ ಕೋಣೆಗೆ ನಡೆದರು. ನಾನು ಅವರ ಬೆನ್ನಿಗೇ ಬಾಗಿಲವರೆಗೆ ಹೋದೆ. ಸ್ವರ ಏರಿಸದೆ ಅವರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಹಾಲಿನಿಂದ ಬರುವ ಹಳದಿಯಲ್ಲಿ ಮೂತ್ರಕ್ಕೆ ಈ ಬಣ್ಣ ಬರುವುದಿಲ್ಲ, ಅಂಗೈ ಬಿಳಿಚುವುದಿಲ್ಲ. ಈ ಮಗು ಹಳದಿಯೂ ಆಗುತ್ತಿದೆ, ಬೆಳ್ಳಗೂ ಆಗುತ್ತಿದೆ. ರಕ್ತ ಒಡೆಯುತ್ತಿದೆ ಡಾಕ್ಟ್ರೇ, ಏನೋ ಒಂದು ಅದನ್ನು ಒಡೆಯುತ್ತಿದೆ, ಹಾಲಲ್ಲ. ಡಾಕ್ಟರ್ ಕುರ್ಚಿಯಿಂದ ಎದ್ದು ಆ ಬಟ್ಟೆಯನ್ನು ಕೈಯಲ್ಲೇ ತೆಗೆದುಕೊಂಡರು. ಅವರ ದೊಡ್ಡತನ ಅದು. ಕೂಡಲೇ ರಕ್ತ ಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಹದಿನಾಲ್ಕಿದ್ದದ್ದು ಮೂರು ದಿನಗಳಲ್ಲಿ ಒಂಬತ್ತಕ್ಕೆ ಬಿದ್ದಿತ್ತು. ಹಳದಿ ಇಪ್ಪತ್ತೊಂದು ದಾಟಿತ್ತು. ಬದಲಿಸಲು ರಕ್ತ ತರಿಸಿಡಿ ಎಂದರು.

ಒಡೆಯುತ್ತಿರುವುದು ಯಾವುದು ಎಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಹಾಲಿನ ಹೊತ್ತಾಯಿತು. ಮಗುವನ್ನು ನಮ್ಮ ಕೈಗೆ ಕೊಡುವ ಮುಂಚೆ ಐರಿನ್ ಸಿಸ್ಟರ್ ಅದರ ನೆತ್ತಿಗೆ, ಕುತ್ತಿಗೆಗೆ ಮೂಗು ತಾಗಿಸಿ ಮೂಸಿದರು. ವಾಪಸು ತೆಗೆದುಕೊಳ್ಳುವಾಗ ಮತ್ತೊಮ್ಮೆ ಮೂಸಿದರು, ಈ ಸಲ ಎರಡು ಬಾರಿ. ಮಗುವನ್ನು ಮಲಗಿಸಿ ನೇರ ನಮ್ಮ ಕೋಣೆಗೆ ಬಂದರು. ಹೋಗುವಾಗ ಇಲ್ಲದ ವಾಸನೆ ಬರುವಾಗ ಮಗುವಿನ ಮೈಯಲ್ಲಿದೆ, ಇಲ್ಲಿ ಅದಕ್ಕೆ ಏನು ತಾಗುತ್ತಿದೆ ಎಂದು ಕೇಳಿದರು.

ನನಗೆ ರೇಗಿತು. ನಾವು ದಿನಕ್ಕೆರಡು ಸಲ ಮೀಯುವವರು, ನಮ್ಮ ಮೈ ನಾರುತ್ತದೆಯೋ ಎಂದೆ. ಇಲ್ಲಿನ ಫಿನಾಯಿಲ್ ವಾಸನೆಯನ್ನು ನಮ್ಮ ತಲೆಗೆ ಕಟ್ಟುತ್ತೀರೋ ಎಂದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ನಿಂತರು. ಆಮೇಲೆ ಹೇಳಿದರು:

“ಅಮ್ಮ, ಯಾರು ಮಾಡಿದ್ದು ಅಂತ ನನಗೆ ಬೇಡ. ಮಗುವಿಗೆ ಎಂತ ತಾಗಿದೆ ಅಂತ ಒಂದು ಹೇಳಿ, ಸಾಕು. ನಮ್ಮ ಹತ್ತಿರ ಹೊತ್ತು ಇಲ್ಲ.”

ಆ ಧ್ವನಿಯಲ್ಲಿ ಬೈಗುಳವಿರಲಿಲ್ಲ. ನಾನು ಚೀಲದಿಂದ ಸೀರೆ ತೆಗೆದು ಮಂಚದ ಮೇಲಿಟ್ಟೆ. ಅವರು ಅದನ್ನು ಮುಖದ ಹತ್ತಿರ ತಂದವರೇ ಕಣ್ಣು ಮುಚ್ಚಿದರು. ಇದರಲ್ಲಿ ಏನು ವಾಸನೆ ಇದೆ ಹೇಳಿ ಎಂದು ನನಗೇ ಕೊಟ್ಟರು. ನಾನು ಮೂಸಿದೆ. ಹಳೆಯ ರೇಷ್ಮೆಯ ವಾಸನೆ, ಅಷ್ಟೇ. ಮತ್ತೊಮ್ಮೆ ಮೂಸಿದೆ. ಬೇರೆ ಏನೂ ಇಲ್ಲ ಎಂದು ಆಣೆ ಹಾಕಲೂ ಸಿದ್ಧಳಿದ್ದೆ.

ಆಗ ತೃಪ್ತಿ ಮಂಚದಿಂದಲೇ ಮೆಲ್ಲಗೆ ಹೇಳಿದಳು: “ಅಮ್ಮ, ಅದು ನುಸಿಗುಳಿಗೆ ವಾಸನೆ. ನಿನಗೆ ಗೊತ್ತಾಗುದಿಲ್ವಾ? ಸಣ್ಣದಿರುವಾಗ ನೀನು ಅಂಗಡಿಯಿಂದ ಬಂದದ್ದು ನನಗೆ ಆ ವಾಸನೆಯಲ್ಲೇ ಗೊತ್ತಾಗ್ತಿತ್ತು. ನನಗೆ ಅದು ಅಮ್ಮನ ವಾಸನೆ.”

ಮೂವತ್ತೊಂದು ವರ್ಷ ನುಸಿಗುಳಿಗೆಯ ಕಪಾಟುಗಳ ನಡುವೆ ಉಸಿರಾಡಿ ಆ ವಾಸನೆ ನನ್ನ ಮೂಗಿಗೆ ಇಲ್ಲವೇ ಆಗಿಹೋಗಿತ್ತು. ನನ್ನ ಮಗಳಿಗೆ ಅದು ತಾಯಿಯ ವಾಸನೆಯಾದದ್ದರಿಂದ ಅವಳಿಗೆ ಸಂಶಯ ಬರಲಿಲ್ಲ. ಮಗುವಿನ ಮೈಮೇಲಿದ್ದದ್ದು ಹೊರಗಿನಿಂದ ಬಂದ ಒಬ್ಬ ಹೆಂಗಸಿಗೆ ಮಾತ್ರ ತಿಳಿಯಿತು.

ಆಮೇಲೆ ಆ ನಿಧಾನದ ಹೆಂಗಸು ಎಷ್ಟು ಬೇಗ ಕೆಲಸ ಮಾಡಿದರೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಬಾಯಿ ಕಟ್ಟಿ ಹೊರಗೆ ಕಳಿಸಿದರು. ಡಾಕ್ಟರಿಗೆ ಎರಡೇ ಮಾತಿನಲ್ಲಿ ವಿಷಯ ತಿಳಿಸಿದರು. ಬೆಚ್ಚಗಿನ ದೀಪದ ಕೆಳಗೆ ಮಗುವನ್ನು ಹಿಡಿದು, ಸೋಪು ಹಾಕಿ, ಕತ್ತಿನ ಮಡಿಕೆ, ಕಂಕುಳು, ತೊಡೆಯ ಸಂದು ಒಂದನ್ನೂ ಬಿಡದೆ ತೊಳೆದು ನಿಮಿಷದೊಳಗೆ ಒರೆಸಿದರು. ಮೈಯಲ್ಲಿ ಎಣ್ಣೆಯಿದ್ದರೆ ಆ ಗುಳಿಗೆಯ ಅಂಶ ಚರ್ಮದೊಳಗೆ ಹೆಚ್ಚು ಇಳಿಯುತ್ತದೆ ಎಂದರು. ಎಣ್ಣೆ ಹಚ್ಚಿದವಳೂ ನಾನೇ. ಕೊನೆಗೆ ನನ್ನ ಕಡೆ ತಿರುಗಿ, ನಿಮ್ಮ ಮೈಮೇಲಿನ ಸೀರೆಯಲ್ಲೂ ಇದೆ, ಮನೆಗೆ ಹೋಗಿ ಮಿಂದು, ತೊಳೆದ ಹತ್ತಿ ಬಟ್ಟೆ ಉಟ್ಟು ಬರುವವರೆಗೆ ಮಗುವನ್ನು ಮುಟ್ಟಬೇಡಿ ಎಂದರು.

ನನಗೆ ಅಷ್ಟು ಸಾಕಾಯಿತು. ಇಷ್ಟು ವರ್ಷ ಒಬ್ಬರಿಗೂ ಎದುರಾಡದೆ ಬಿಟ್ಟವಳಲ್ಲ ನಾನು, ಆ ಹೊತ್ತು ತಲೆ ತಗ್ಗಿಸಿ ಹೊರಟೆ. ಕಾವೂರಿಗೆ ಬರುವಷ್ಟು ದೂರವೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಮನೆಯಲ್ಲಿದ್ದ ಮಗುವಿನ ಬಟ್ಟೆಯನ್ನೆಲ್ಲ ಕುದಿಯುವ ನೀರಿನಲ್ಲಿ ಅದ್ದಿದೆ. ಮಳೆ ಬಿಡಲಿಲ್ಲ, ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿದೆ. ಪೆಟ್ಟಿಗೆಯ ಗುಳಿಗೆಗಳನ್ನು ಒಂದೂ ಬಿಡದೆ ಹೆಕ್ಕಿ ಡಬ್ಬಿಗೆ ತುಂಬಿ ಹೊರಗೆ ಹಾಕಿದೆ. ಹೆಕ್ಕುವಾಗಲೂ ನನ್ನ ಮೂಗಿಗೆ ಏನೂ ತಿಳಿಯಲಿಲ್ಲ.

ಸಂಜೆ ನಾಲ್ಕಕ್ಕೆ ತಿರುಗಿ ಬಂದಾಗ ಬದಲಿಸುವ ರಕ್ತ ಬಂದು ಸಿದ್ಧವಾಗಿತ್ತು. ಹಳದಿ ಇಪ್ಪತ್ತೊಂದು ಮುಕ್ಕಾಲು. ಡಾಕ್ಟರ್ ಗಡಿಯಾರ ನೋಡುತ್ತಾ ನಿಂತಿದ್ದರು. ಅಳು ಇನ್ನೂ ಸರಿಯಿದೆ, ಕೈಕಾಲು ಮೆತ್ತಗಿದೆ, ತಾಗುತ್ತಿದ್ದದ್ದನ್ನು ತೆಗೆದಾಗಿದೆ, ಇನ್ನೆರಡು ಗಂಟೆ ಕೊಟ್ಟು ನೋಡಬಹುದೇ ಎಂದು ಐರಿನ್ ಸಿಸ್ಟರ್ ಕೇಳಿದರು. ಹೇಳಲಿಲ್ಲ, ಕೇಳಿದರು. ಕೊಡೋಣ, ಆದರೆ ನೀವು ಇಲ್ಲೇ ಇರಬೇಕು ಎಂದರು ಡಾಕ್ಟರ್. ಐರಿನ್ ಸಿಸ್ಟರ್ ಅವರ ಪಾಳಿ ಎರಡು ಗಂಟೆಗೇ ಮುಗಿದಿತ್ತು. ಸ್ಟೂಲು ಎಳೆದುಕೊಂಡು ಮಗುವಿನ ಪಕ್ಕ ಕುಳಿತರು. ಅದರ ಎದೆ ಏರಿಳಿಯುವುದನ್ನೇ ನೋಡುತ್ತಾ, ಆಗಾಗ ಪಾದಕ್ಕೆ ತಟ್ಟಿ ಅಳು ಕೇಳುತ್ತಾ ಕುಳಿತರು. ನಾನು ಗಾಜಿನ ಈಚೆ ನಿಂತು ಅವರನ್ನೇ ನೋಡಿದೆ. ಆ ಎರಡು ಗಂಟೆಯಲ್ಲಿ ನನಗೆ ದೇವರು ನೆನಪಾಗಲಿಲ್ಲ, ಅವರ ಮುಖ ಮಾತ್ರ ಸಾಕಾಗಿತ್ತು.

ಆರು ಗಂಟೆಗೆ ಇಪ್ಪತ್ತೊಂದು. ಬೆಳಗಾಗುವಾಗ ಹತ್ತೊಂಬತ್ತು. ರಕ್ತ ಬದಲಿಸಬೇಕಾಗಲಿಲ್ಲ, ಕಡಿಮೆಯಾದದ್ದಕ್ಕೆ ಒಂದಿಷ್ಟು ರಕ್ತ ಏರಿಸಿದರು, ಅಷ್ಟೇ. ಬಿಳಿ ಬಟ್ಟೆಯ ಮೇಲಿನ ಕಲೆ ಒಂದಕ್ಕಿಂತ ಒಂದು ತೆಳ್ಳಗಾಗುತ್ತಾ ಬಂತು. ಐರಿನ್ ಸಿಸ್ಟರ್ ಡಾಕ್ಟರನ್ನು ಕೇಳಿ ಮಗುವನ್ನು ಮತ್ತೆ ತೃಪ್ತಿಯ ಎದೆಗೆ ತಂದು ಹಚ್ಚಿದರು. ಇದಕ್ಕಿಂತ ಒಳ್ಳೆಯ ಮದ್ದು ನಮ್ಮಲ್ಲಿಲ್ಲ, ಚೆಲ್ಲಬೇಡಿ ಎಂದರು. ತೃಪ್ತಿ ಜೋರಾಗಿ ಅತ್ತದ್ದು ಆಗಲೇ.

ನನಗೆ ಮಾತ್ರ ಒಂದು ಲೆಕ್ಕ ಸರಿಹೋಗಲಿಲ್ಲ. ಅದೇ ಸೀರೆಯಲ್ಲಿ ನಾನು ಬೆಳೆದೆ, ನನ್ನ ತಂಗಿ ಬೆಳೆದಳು, ತೃಪ್ತಿ ಬೆಳೆದಳು. ಯಾರಿಗೂ ಏನೂ ಆಗಲಿಲ್ಲವಲ್ಲ? ಕೇಳಿದೆ. ಕೆಲವರ ರಕ್ತಕ್ಕೆ ಹುಟ್ಟುವಾಗಲೇ ಒಂದು ಕಾವಲು ಕಡಿಮೆ ಇರುತ್ತದೆ, ಈ ಗುಳಿಗೆಯಂಥದ್ದು ತಾಗಿದರೆ ರಕ್ತ ಒಡೆಯುತ್ತದೆ, ಅದು ತಾಯಿಯ ಕಡೆಯಿಂದ ಇಳಿದು ಬರುತ್ತದೆ, ಹೆಣ್ಣುಮಕ್ಕಳು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಾರೆ, ಗಂಡುಮಕ್ಕಳು ಸಿಕ್ಕಿಬೀಳುತ್ತಾರೆ ಎಂದು ಐರಿನ್ ಸಿಸ್ಟರ್ ವಿವರಿಸಿದರು. ಅಳಿಯಸಂತಾನದವರು ನಾವು. ಹೆಣ್ಣಿನ ಕಡೆಯಿಂದ ಆಸ್ತಿ ಬರುತ್ತದೆಂದು ಗೊತ್ತಿತ್ತು, ಇದೂ ಬರುತ್ತದೆಂದು ಗೊತ್ತಿರಲಿಲ್ಲ. ಆಮೇಲೆ ಅವರು ಕೇಳಿದರು:

“ನಿಮ್ಮ ತಾಯಿಗೆ ಗಂಡು ಮಗು ಹುಟ್ಟಿದ್ದು ಉಂಟಾ?”

ಉಂಟು. ನನಗೆ ಐದು ವರ್ಷವಿರುವಾಗ ಒಬ್ಬ ತಮ್ಮ ಹುಟ್ಟಿದ್ದ. ತೊಟ್ಟಿಲಿಗೆ ಹಾಕಿ ಒಂದು ವಾರದಲ್ಲಿ ಹಳದಿಯಾಗಿ ತೀರಿಹೋದ. ಅವನನ್ನು ನೋಡಿದ ಮುದುಕಿಯೊಬ್ಬಳು ತಾಯಿಯ ಹಾಲು ವಿಷವಾಗಿದೆ ಎಂದಿದ್ದಳು. ಆ ಮಾತು ಮನೆಯಲ್ಲಿ ಉಳಿಯಿತು. ನನ್ನ ತಂಗಿ ಹುಟ್ಟಿದಾಗ ತಾಯಿಗೆ ಹಾಲು ಕೊಡಲು ಬಿಡಲಿಲ್ಲ, ಮೇಕೆ ಹಾಲಿನಲ್ಲಿ ಸಾಕಿದರು. ನನ್ನ ತಾಯಿ ಬಾಗಿ ಅಲ್ಲಿಂದೀಚೆಗೆ ಯಾರ ಮನೆಯ ಎಳೆಗೂಸನ್ನೂ ಎತ್ತಿಕೊಂಡದ್ದಿಲ್ಲ. ತೃಪ್ತಿಯನ್ನೂ ಇಲ್ಲ, ಈ ಮಗುವನ್ನೂ ಇಲ್ಲ. ಮುದುಕಿಯ ಕೈ ನಡುಗುತ್ತದೆ, ಅದಕ್ಕೇ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಐರಿನ್ ಸಿಸ್ಟರ್ ಒಂದೊಂದಾಗಿ ಕೇಳಿದರು. ಎಷ್ಟನೆಯ ದಿನ ಹಳದಿಯಾಯಿತು, ಅಳುತ್ತಿತ್ತೋ ಸುಮ್ಮನಿತ್ತೋ, ಯಾವುದರಲ್ಲಿ ಸುತ್ತಿದ್ದರು. ಅದೇ ಸೀರೆಯಲ್ಲಿ, ಅದರ ಜೊತೆಗೇ ಬೊಂಬಾಯಿಯಿಂದ ಬಿಳಿ ಗುಳಿಗೆಯ ಪೊಟ್ಟಣವೂ ಬಂದಿತ್ತೆಂದು ನಾನು ಹೇಳಿದೆ. ಇಷ್ಟು ವರ್ಷದ ಮೇಲೆ ಖಂಡಿತ ಎಂದು ಯಾರೂ ಹೇಳಲಾರರು, ಆದರೆ ಹೊಂದುತ್ತದೆ ಎಂದರು. ತಾಯಿಗೆ ಹೇಳಲೋ ಬೇಡವೋ ಎಂದು ಕೇಳಿದೆ. ಹೇಳಿದರೆ ಹಾಲಿನ ಅಪವಾದ ಹೋಗುತ್ತದೆ, ಆದರೆ ತನ್ನ ಕೈಯಾರೆ ಸುತ್ತಿದ ಸೀರೆ ಎದುರು ಬಂದು ನಿಲ್ಲುತ್ತದೆ. ನಾಳೆ ಅವರನ್ನು ಕರೆದುಕೊಂಡು ಬನ್ನಿ ಎಂದರು ಸಿಸ್ಟರ್.

ಮರುದಿನ ಮಧ್ಯಾಹ್ನ ತಾಯಿಯನ್ನು ರಿಕ್ಷಾದಲ್ಲಿ ಕರೆತಂದೆ. ಬಾಗಿಲಲ್ಲೇ ನಿಂತರು, ಒಳಗೆ ಬರಲೊಲ್ಲರು. ಐರಿನ್ ಸಿಸ್ಟರ್ ಅವರ ಕೈ ಹಿಡಿದು ಮಂಚದ ಮೇಲೆ ಕೂರಿಸಿ, ಪಕ್ಕದಲ್ಲಿ ತಾವೂ ಕುಳಿತರು. ಅಷ್ಟು ದಿನ ನಮ್ಮೊಂದಿಗೆ ಕನ್ನಡದಲ್ಲಿ, ಆಯಾಳೊಂದಿಗೆ ಕೊಂಕಣಿಯಲ್ಲಿ ಮಾತಾಡುತ್ತಿದ್ದವರು ತಾಯಿಯೊಂದಿಗೆ ತುಳುವಿನಲ್ಲಿ ಮಾತಾಡಿದರು. ನಿಮ್ಮ ಮಗನ ರಕ್ತ ಹುಟ್ಟುವಾಗಲೇ ಮೆತ್ತಗಿತ್ತು ಬಾಗಿಯಕ್ಕ, ಈ ಮಗುವಿನದೂ ಹಾಗೆಯೇ, ನಾವು ಪರೀಕ್ಷೆಗೆ ಕಳಿಸಿದ್ದೇವೆ. ಆಗಿನ ಕಾಲದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಡಾಕ್ಟರಿಗೂ ಇಲ್ಲ. ನಿಮ್ಮ ಹಾಲಿನಲ್ಲಿ ದೋಷ ಇರಲಿಲ್ಲ. ಹೀಗೆ ಹೇಳಿದರು. ಸೀರೆಯ ಸುದ್ದಿ ಎತ್ತಲಿಲ್ಲ. ಎಷ್ಟು ಕೊಡಬೇಕು, ಎಷ್ಟು ಕೊಡಬಾರದು ಎಂದು ಮದ್ದನ್ನು ಅಳೆದು ಕೊಡುವ ಹಾಗೆ ಅವರು ಆ ಮಾತನ್ನು ಕೊಟ್ಟದ್ದನ್ನು ಕಂಡು ನಾನು ಬೆರಗಾದೆ.

ತಾಯಿ ತೃಪ್ತಿಯ ಎದೆಯಲ್ಲಿ ಹಾಲು ಕುಡಿಯುತ್ತಿದ್ದ ಮಗುವನ್ನೇ ನೋಡಿದರು. ಆಮೇಲೆ ಕೇಳಿದರು:

“ಕಡೆಯ ಮೂರು ದಿನ ಅವನಿಗೆ ನಾನು ಹಾಲು ಕೊಡಲಿಲ್ಲ. ಕೊಡಬೇಡ ಅಂದರು, ಕೊಡಲಿಲ್ಲ. ಹೋಗುವಾಗ ನನ್ನ ಎದೆಗೆ ಬಾಯಿ ಹಾಕುತ್ತಿದ್ದ. ಕೊಡಬಹುದಿತ್ತಾ?”

ಸುಳ್ಳು ಹೇಳಿ ಸಿಸ್ಟರ್, ಒಂದು ಸುಳ್ಳು ಹೇಳಿಬಿಡಿ ಎಂದು ಮನಸ್ಸಿನಲ್ಲೇ ಕೈಮುಗಿದೆ. ಐರಿನ್ ಸಿಸ್ಟರ್ ತಾಯಿಯ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಕೊಡಬಹುದಿತ್ತು, ಅಕ್ಕ. ಒಳ್ಳೆಯ ಹಾಲು ಅದು.”

ಆ ಕ್ಷಣ ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದ್ದು ನಿಂತೇಬಿಟ್ಟೆ. ಅಷ್ಟರಲ್ಲಿ ತಾಯಿ ಅತ್ತರು. ಐವತ್ತೇಳು ವರ್ಷದಲ್ಲಿ ನಾನು ಅವರು ಅತ್ತದ್ದನ್ನು ನೋಡಿರಲಿಲ್ಲ, ತಂದೆ ಹೋದಾಗಲೂ ಇಲ್ಲ. ಎರಡೂ ಕೈಯಿಂದ ಎದೆ ಒತ್ತಿ ಹಿಡಿದು, ಒಳ್ಳೆಯ ಹಾಲು, ಒಳ್ಳೆಯ ಹಾಲು ಎಂದು ತುಳುವಿನಲ್ಲಿ ಹೇಳಿಕೊಳ್ಳುತ್ತಾ ಅತ್ತರು. ಐರಿನ್ ಸಿಸ್ಟರ್ ಸಮಾಧಾನ ಮಾಡಲಿಲ್ಲ, ಅಳಲು ಬಿಟ್ಟರು. ನಾನು ಕೇಳಿದ ಸುಳ್ಳನ್ನು ಅವರು ಹೇಳಿದ್ದರೆ ನನ್ನ ತಾಯಿ ಆ ಅಳುವನ್ನು ಹಾಗೆಯೇ ಮಣ್ಣಿಗೆ ಒಯ್ಯುತ್ತಿದ್ದರು. ಇದು ನನಗೆ ಹೊಳೆದದ್ದು ನಿಂತಲ್ಲೇ, ಸಿಟ್ಟು ಇನ್ನೂ ಇಳಿಯುವ ಮೊದಲೇ.

ಅಳು ನಿಂತ ಮೇಲೆ ತಾಯಿ ಎರಡೂ ಕೈ ಚಾಚಿದರು. ಹಾಲು ಕುಡಿದು ತಣಿದ ಮಗುವನ್ನು ಐರಿನ್ ಸಿಸ್ಟರ್ ತೃಪ್ತಿಯ ಮಡಿಲಿನಿಂದ ಎತ್ತಿ ಆ ಕೈಗಳಲ್ಲಿಟ್ಟರು. ಮುದಿ ಕೈ ನಡುಗಲಿಲ್ಲ. ಕತ್ತಿನ ಕೆಳಗೆ ಅಂಗೈ, ಸೊಂಟದ ಕೆಳಗೆ ಮೊಣಕೈ, ನಿನ್ನೆಯಷ್ಟೇ ಮಗು ಸಾಕಿದವರ ಹಾಗೆ ಹಿಡಿದರು. ಬಗ್ಗಿ ಅದರ ಕಿವಿಯ ಹತ್ತಿರ ಹೇಳಿದರು:

“ನಿನ್ನ ಅಜ್ಜನಿಗೆ ಚನಿಯ ಎಂದು ಹೆಸರಿಟ್ಟಿದ್ದೆವು. ಶನಿವಾರ ಹುಟ್ಟಿದ್ದ.”

ನನ್ನ ತಮ್ಮನಿಗೆ ಒಂದು ಹೆಸರಿತ್ತು ಎಂದು ನನಗೆ ಗೊತ್ತಾದದ್ದು ಅಂದೇ.